ವಕಾಲತ್ತಿಗೆ ಸಹಿ ಹಾಕುವ ಮೊದಲು

ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದು ನೆನಪಿರಲಿ. ಡೈವೋರ್ಸ್ ಇರಲಿ, ಜೀವನಾಂಶ ಇರಲಿ, ಮಕ್ಕಳು ಯಾರ ಹತ್ತಿರ ಇರಬೇಕು ಅನ್ನುವ ಜಗಳ ಇರಲಿ, ನಿಮ್ಮ ಕೇಸು ನಡೆಸಲು ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕು ನಿಮಗಿದೆ. ನಿಮ್ಮ ಸಂಬಳ ಎಷ್ಟು, ತವರಿನವರು ಅನುಕೂಲವಾಗಿದ್ದಾರಾ, ಹೆಸರಿನಲ್ಲಿ ಸೈಟು ಇದೆಯಾ, ಇದ್ಯಾವುದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿ ಇಟ್ಟಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ವಿಕಲಚೇತನರಿಗೆ, ಕೈಗಾರಿಕೆಗಳಲ್ಲಿ ದುಡಿಯುವ ಕಾರ್ಮಿಕರಿಗೆ ಕೂಡ ಹಾಗೇ. ಬೇರೆ ಗಂಡಸರಿಗಾದರೆ ವರ್ಷದ ಆದಾಯ ಸರ್ಕಾರ ಗೊತ್ತುಮಾಡಿದ ಮಿತಿಯ ಒಳಗಿರಬೇಕು. ಇನ್ನು ಕೇಸಿನಲ್ಲಿ ಹುರುಳಿದೆ ಅಂತ ಪ್ರಾಧಿಕಾರಕ್ಕೆ ಅನ್ನಿಸಬೇಕು.

ಇದನ್ನು ಮೊದಲು ಹೇಳಲು ಕಾರಣ ಇದೆ. ಕಿವಿಯೋಲೆ ಅಡವಿಟ್ಟು ಫೀಸು ತಂದವರನ್ನು ನಾನು ನೋಡಿದ್ದೇನೆ. ಸಂಘದಿಂದ ಸಾಲ ತೆಗೆದು ತಂದವರನ್ನೂ ನೋಡಿದ್ದೇನೆ. ಕೋರ್ಟಿನ ಅದೇ ಆವರಣದಲ್ಲಿ, ಅವರು ನಿಂತ ಜಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕಾನೂನು ಸೇವಾ ಪ್ರಾಧಿಕಾರದ ಬೋರ್ಡು ಇರುತ್ತದೆ. ಅದು ತಮಗೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಓದು ಬರಹ ಬಾರದಿದ್ದರೆ ಅಲ್ಲಿರುವ ಅರೆ ಕಾನೂನು ಸ್ವಯಂಸೇವಕರು ಅರ್ಜಿ ಬರೆದುಕೊಡುತ್ತಾರೆ.

'ಸುಮ್ನೆ ಸಿಗುವ ವಕೀಲರು ಚೆನ್ನಾಗಿ ನಡೆಸುತ್ತಾರಾ ಮೇಡಂ?' ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾನು ಕಂಡ ಮಟ್ಟಿಗೆ, ಪ್ಯಾನೆಲ್‌ನಲ್ಲಿ ಅಂದರೆ ಪ್ರಾಧಿಕಾರದ ವಕೀಲರ ಪಟ್ಟಿಯಲ್ಲಿ, ಬಹಳ ಒಳ್ಳೆಯವರೂ ಇದ್ದಾರೆ, ಅಷ್ಟಾಗಿ ಗಮನ ಕೊಡದವರೂ ಇದ್ದಾರೆ. ಫೀಸು ತೆಗೆದುಕೊಳ್ಳುವ ವಕೀಲರಲ್ಲೂ ಹೀಗೇ ಅಲ್ವಾ? ಆದರೆ ಇಲ್ಲಿ ಒಂದು ಅನುಕೂಲ ಇದೆ. ನಿಮ್ಮ ವಕೀಲರು ಸರಿಯಾಗಿ ಬರುತ್ತಿಲ್ಲ ಅಂದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತವಾಗಿ ಹೇಳಿ ಬೇರೆಯವರನ್ನು ಕೇಳಬಹುದು. ಆ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರೇ ಆಗಿರುತ್ತಾರೆ. ಇನ್ನೊಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಪ್ಯಾನೆಲ್ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಟೈಪಿಂಗ್ ಖರ್ಚು ಅಂತಲೂ ಇಲ್ಲ, ಓಡಾಟದ ಖರ್ಚು ಅಂತಲೂ ಇಲ್ಲ. ಅವರಿಗೆ ಗೌರವಧನ ಪ್ರಾಧಿಕಾರದಿಂದ ಬರುತ್ತದೆ. ಕೇಳಿದರೆ ಅದೇ ಕಾರ್ಯದರ್ಶಿಗೆ ತಿಳಿಸಿ.

ಇನ್ನು ವಕೀಲರೇ ಬೇಕಾ ಅನ್ನುವ ವಿಷಯಕ್ಕೆ ಬರೋಣ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 13ನೇ ಸೆಕ್ಷನ್ ಓದಿದರೆ ಎಷ್ಟೋ ಜನರಿಗೆ ಆಶ್ಚರ್ಯ ಆಗುತ್ತದೆ. ಆ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕು ಅಲ್ಲ ಅಂತ ಅದು ಹೇಳುತ್ತದೆ. ಗಂಡ ಹೆಂಡತಿ ನೇರವಾಗಿ ಬಂದು ಮಾತಾಡಲಿ, ಆದಷ್ಟೂ ರಾಜಿ ಆಗಲಿ ಅನ್ನುವುದು ಕಾಯ್ದೆಯ ಮನಸ್ಸು. ನಡೆಯುವುದು ಬೇರೆ. ಅನುಮತಿ ಕೊಟ್ಟು ವಕೀಲರು ವಾದ ಮಾಡುವುದೇ ಎಲ್ಲೆಡೆ ರೂಢಿ. ಆದರೂ ನಿಮ್ಮ ಕೇಸನ್ನು ನೀವೇ ನಡೆಸಿದರೆ ತಡೆಯುವವರಿಲ್ಲ. ಇಬ್ಬರಿಗೂ ಒಪ್ಪಿಗೆ ಇದ್ದು, ಆಸ್ತಿ ಮಕ್ಕಳ ತಕರಾರು ಇಲ್ಲದಿದ್ದರೆ ಅದು ಸಾಧ್ಯ. ತಕರಾರು ಇರುವ ಕೇಸಿನಲ್ಲಿ ನಾನು ಬೇಡ ಅನ್ನುತ್ತೇನೆ. ಅರ್ಜಿ ಬರೆಯುವುದನ್ನು ಹೇಗೋ ಮಾಡಬಹುದು. ಪಾಟೀ ಸವಾಲಿನ ದಿನ, ಹತ್ತು ವರ್ಷ ಜೊತೆಗೆ ಬಾಳಿದ ಮನುಷ್ಯನಿಗೆ ನೀವೇ ನಿಂತು ಪ್ರಶ್ನೆ ಕೇಳುವುದು ಸುಲಭ ಅಲ್ಲ. ಗಂಟಲು ಕಟ್ಟುತ್ತದೆ. ಕೇಳಬೇಕಾದ ಪ್ರಶ್ನೆ ಬಿಟ್ಟು ಹಳೆಯ ನೋವೆಲ್ಲ ಬಾಯಿಗೆ ಬರುತ್ತದೆ.

ಮಾತು ಬಂತು ಅಂತ ಹೇಳುತ್ತೇನೆ, ವಕೀಲರು ಬೇಕಿಲ್ಲದ ಕಡೆಗಳೂ ಇವೆ. ಇಲ್ಲಿ ಹಿರಿಯರು ತುಂಬಾ ಜನ ಇದ್ದೀರಿ. ಮಕ್ಕಳು ನೋಡಿಕೊಳ್ಳುತ್ತಿಲ್ಲ, ಆಸ್ತಿ ಬರೆಸಿಕೊಂಡು ಹೊರಗೆ ಹಾಕಿದ್ದಾರೆ ಅಂತ ಸಿವಿಲ್ ಕೋರ್ಟಿಗೆ ಹೋಗಿ ದುಡ್ಡು ಸುರಿಯುವ ಮೊದಲು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ನೆನಪಿಸಿಕೊಳ್ಳಿ. ಉಪವಿಭಾಗಾಧಿಕಾರಿ, ಅಂದರೆ ನಾವು ಎಸಿ ಅನ್ನುತ್ತೇವಲ್ಲ, ಅವರ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಾಕು. ವಕೀಲರಿಲ್ಲದೆಯೇ ನಡೆಯಲಿ ಅಂತಲೇ ಆ ಕಾಯ್ದೆ ಮಾಡಿದ್ದು. ಮನೆಯಲ್ಲಿ ಹೊಡೆತ ಬಡಿತ ಇದ್ದರೂ ಮೊದಲ ಹೆಜ್ಜೆಗೆ ವಕೀಲರು ಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಇದ್ದಾರೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ಮಾಡುತ್ತಾರೆ. ಅವರು ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ತುರ್ತು ಇದ್ದರೆ 181ಕ್ಕೆ ಕರೆ ಮಾಡಿ. ವಕೀಲರನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಪ್ರಾಣ ಉಳಿಯಲಿ.

ಸರಿ, ಹಣ ಕೊಟ್ಟೇ ವಕೀಲರನ್ನು ಇಟ್ಟುಕೊಳ್ಳುತ್ತೇನೆ ಅಂತ ತೀರ್ಮಾನ ಮಾಡಿದ್ದೀರಿ ಅಂದುಕೊಳ್ಳೋಣ. ಯಾರು ಒಳ್ಳೆಯ ವಕೀಲರು ಅಂತ ಎಲ್ಲರೂ ಕೇಳುತ್ತಾರೆ. ಯಾವ ಊರಿನ ಕೋರ್ಟು ಅಂತ ಮೊದಲು ಕೇಳಬೇಕು. ಒಂದು ಉದಾಹರಣೆ ತೆಗೆದುಕೊಳ್ಳಿ. ಮದುವೆ ಆಗಿದ್ದು ಶಿವಮೊಗ್ಗದಲ್ಲಿ. ಸಂಸಾರ ಮಾಡಿದ್ದು ಬೆಂಗಳೂರಿನಲ್ಲಿ. ಜಗಳ ಆಗಿ ಹುಡುಗಿ ಈಗ ಹಾಸನದ ತವರುಮನೆಯಲ್ಲಿ ಇದ್ದಾಳೆ. ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮದುವೆ ನಡೆದ ಊರಿನಲ್ಲಿ, ಕೊನೆಯದಾಗಿ ಜೊತೆಗಿದ್ದ ಊರಿನಲ್ಲಿ, ಎದುರು ಪಕ್ಷದವರು ಈಗಿರುವ ಊರಿನಲ್ಲಿ ಅರ್ಜಿ ಹಾಕಬಹುದು. ಅರ್ಜಿ ಹಾಕುವವಳು ಹೆಂಡತಿ ಆದರೆ ಅವಳು ಇರುವ ಊರಿನಲ್ಲೂ ಹಾಕಬಹುದು. ಈ ಕೊನೆಯ ಅನುಕೂಲ ಬಂದಿದ್ದು 2003ರ ತಿದ್ದುಪಡಿಯಿಂದ. ಅಂದರೆ ಆ ಹುಡುಗಿ ಹಾಸನದಲ್ಲೇ ಕೇಸು ಹಾಕಬಹುದು. ಆದರೆ ಅಣ್ಣನಿಗೆ ಪರಿಚಯ ಅಂತ ಬೆಂಗಳೂರಿನ ವಕೀಲರ ಹತ್ತಿರ ಹೋದರೆ ಏನಾಗುತ್ತದೆ? ಅವರು ತಮಗೆ ಅನುಕೂಲವಾದ ಬೆಂಗಳೂರಿನಲ್ಲೇ ಅರ್ಜಿ ಹಾಕುತ್ತಾರೆ. ಪ್ರತಿ ವಾಯಿದೆಗೂ ಚಿಕ್ಕ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಓಡಾಡುವವಳು ಅವಳು. ಬಸ್ ಚಾರ್ಜು, ರಜೆ ಹಾಕಿದ ದಿನದ ಸಂಬಳ, ಇವೂ ಕೇಸಿನ ಖರ್ಚೇ. ಯಾವ ಫೀಸಿನ ಪಟ್ಟಿಯಲ್ಲೂ ಇವು ಇರುವುದಿಲ್ಲ.

ಸ್ಥಳೀಯ ವಕೀಲರು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಆ ಕೋರ್ಟಿಗೆ ದಿನಾ ಹೋಗುವವರಿಗೆ ಅಲ್ಲಿನ ರೀತಿ ಗೊತ್ತಿರುತ್ತದೆ. ಯಾವ ವಾರ ಮಧ್ಯಸ್ಥಿಕೆಗೆ ಕಳಿಸುತ್ತಾರೆ, ಕೇಸು ಮುಗಿಯುವ ತನಕ ಸಿಗುವ ಮಧ್ಯಂತರ ಜೀವನಾಂಶದ ಅರ್ಜಿಗೆ ಏನೇನು ದಾಖಲೆ ಕೇಳುತ್ತಾರೆ, ನಕಲು ಎಷ್ಟು ದಿನದಲ್ಲಿ ಸಿಗುತ್ತದೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ತಾಲ್ಲೂಕಿನಲ್ಲಿ ಈ ಕೇಸುಗಳು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನಡೆಯುತ್ತವೆ. ಅಲ್ಲಿ ಜಮೀನಿನ ಕೇಸು ನಡೆಸುವ ವಕೀಲರೇ ಸಂಸಾರದ ಕೇಸನ್ನೂ ನಡೆಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಮಕ್ಕಳ ಸುಪರ್ದಿಯ ಕೇಸು ಎಷ್ಟು ನಡೆಸಿದ್ದೀರಿ ಅಂತ ಕೇಳುವುದರಲ್ಲೂ ತಪ್ಪಿಲ್ಲ.

ಹುಡುಕುವುದು ಹೇಗೆ? ಇಂಟರ್ನೆಟ್‌ನಲ್ಲಿ 'ನಂಬರ್ ಒನ್ ಡೈವೋರ್ಸ್ ಲಾಯರ್' ಅಂತ ಕಂಡರೆ ಎಚ್ಚರ. ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ತಡೆಯುತ್ತದೆ. 2008ರಿಂದ ವಕೀಲರು ವೆಬ್‌ಸೈಟ್ ಇಟ್ಟುಕೊಳ್ಳಬಹುದು. ಹೆಸರು, ವಿಳಾಸ, ಫೋನ್, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ನಡೆಸುತ್ತಾರೆ, ಇಷ್ಟೇ ಅಲ್ಲಿ ಇರಬಹುದು. ವಕೀಲರನ್ನು ಸರಕಿನ ಹಾಗೆ ಪಟ್ಟಿ ಮಾಡಿ ತೋರಿಸುವ ಆನ್‌ಲೈನ್ ತಾಣಗಳ ವಿಷಯದಲ್ಲಿ 2024ರಲ್ಲಿ ಮದ್ರಾಸ್ ಹೈಕೋರ್ಟ್ ಕಟುವಾಗಿ ಮಾತಾಡಿ, ಕ್ರಮ ತೆಗೆದುಕೊಳ್ಳಿ ಅಂತ ಪರಿಷತ್ತಿಗೆ ಹೇಳಿತು. ಹಾಗಾಗಿ ಅಲ್ಲಿ ಕಾಣುವ ನಕ್ಷತ್ರಗಳನ್ನು ನೋಡಿ ನಿಮ್ಮ ಸಂಸಾರದ ಕೇಸನ್ನು ಯಾರ ಕೈಗೂ ಕೊಡಬೇಡಿ.

ನನಗೆ ತಿಳಿದ ಒಳ್ಳೆಯ ದಾರಿ ಹಳೆಯದೇ. ಒಂದು ಬೆಳಿಗ್ಗೆ ಆ ಕೋರ್ಟಿಗೆ ಹೋಗಿ ವರಾಂಡದಲ್ಲಿ ಕೂರಿ. ಹಾಜರಿ ಕೂಗುವಾಗ ಯಾರ ವಕೀಲರು ಬಂದು ನಿಲ್ಲುತ್ತಾರೆ, ಯಾರ ಕಕ್ಷಿದಾರರು ಒಬ್ಬರೇ ನಿಂತು 'ನಮ್ಮ ಲಾಯರ್ ಇನ್ನೂ ಬಂದಿಲ್ಲ ಸ್ವಾಮಿ' ಅನ್ನುತ್ತಾರೆ, ನೋಡಿ. ಪಕ್ಕದಲ್ಲಿ ಕಾಯುತ್ತಿರುವವರನ್ನು ಮಾತಾಡಿಸಿ. ಅವರ ಕೇಸಿನ ಒಳವಿಷಯ ಕೇಳಬೇಡಿ. ಫೋನ್ ಮಾಡಿದರೆ ಎತ್ತುತ್ತಾರಾ, ಮುಂದಿನ ದಿನಾಂಕ ತಿಳಿಸುತ್ತಾರಾ, ಹೇಳಿದ್ದಕ್ಕಿಂತ ಜಾಸ್ತಿ ಹಣ ಕೇಳಿದ್ದಾರಾ ಅಂತ ಕೇಳಿ. ಜನ ಹೇಳುತ್ತಾರೆ. ಆಮೇಲೆ ಮನೆಗೆ ಬಂದು ಇ-ಕೋರ್ಟ್ಸ್ ಆ್ಯಪ್ ತೆಗೆಯಿರಿ. ಅದರಲ್ಲಿ ವಕೀಲರ ಹೆಸರು ಹಾಕಿ ಹುಡುಕಬಹುದು. ಆ ಕೋರ್ಟಿನಲ್ಲಿ ಅವರ ಕೇಸುಗಳು ನಿಜವಾಗಿ ಇವೆಯಾ ಅಂತ ಗೊತ್ತಾಗುತ್ತದೆ. ಅವರು ವಕೀಲರೇ ಹೌದಾ ಅನ್ನುವ ಅನುಮಾನ ಬಂದರೆ ನೋಂದಣಿ ಸಂಖ್ಯೆ ಕೇಳಿ. ನಮ್ಮಲ್ಲಿ ಅದು ಕೆಎಆರ್ ಅಂತ ಶುರುವಾಗಿ, ಸಂಖ್ಯೆ, ಆಮೇಲೆ ವರ್ಷ ಇರುತ್ತದೆ. ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಬಹುದು. ಕೇಳಿದರೆ ನಿಜವಾದ ವಕೀಲರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದುಕೊಂಡು ಹೋಗಿ. ಮದುವೆ ಯಾವತ್ತು, ಮಕ್ಕಳು ಹುಟ್ಟಿದ್ದು ಯಾವಾಗ, ಬೇರೆ ಆಗಿದ್ದು ಯಾವತ್ತು, ಪೊಲೀಸ್ ಠಾಣೆಗೆ ಹೋಗಿದ್ದರೆ ಅದರ ದಿನ. ದಾಖಲೆಗಳ ಜೆರಾಕ್ಸ್ ಮಾತ್ರ ಕೊಡಿ. ಅಸಲು ನಿಮ್ಮ ಹತ್ತಿರವೇ ಇರಲಿ. ಏನನ್ನೂ ಮುಚ್ಚಿಡಬೇಡಿ. ನೀವು ಹೇಳಿದ ಗುಟ್ಟನ್ನು ವಕೀಲರು ಹೊರಗೆ ಬಿಡುವಂತಿಲ್ಲ, ಕಾನೂನೇ ಅದನ್ನು ಕಾಯುತ್ತದೆ. ನೀವು ಮುಚ್ಚಿಟ್ಟ ವಿಷಯ ಎದುರು ವಕೀಲರ ಬಾಯಿಂದ ಪಾಟೀ ಸವಾಲಿನಲ್ಲಿ ಬಂದರೆ ಯಾರಿಂದಲೂ ಕಾಪಾಡಲು ಆಗುವುದಿಲ್ಲ. ಜೊತೆಗೆ ಯಾರಾದರೂ ಒಬ್ಬರು ಬರಲಿ. ಆದರೆ ಮಾತು ನೀವೇ ಆಡಿ. ಮಗಳನ್ನು ಬದಿಗೆ ಕೂರಿಸಿ ಅಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲ ಮಾತಾಡುವುದನ್ನು ನಾನು ತುಂಬಾ ನೋಡುತ್ತೇನೆ. ಆ ಹುಡುಗಿಗೆ ಡೈವೋರ್ಸ್ ಬೇಕೋ, ಬರೀ ಜೀವನಾಂಶ ಸಾಕೋ, ಮತ್ತೆ ಗಂಡನ ಮನೆಗೆ ಹೋಗುವ ಮನಸ್ಸಿದೆಯೋ ಅಂತ ಯಾರೂ ಕೇಳಿರುವುದಿಲ್ಲ.

ಆ ಭೇಟಿಯಲ್ಲಿ ವಕೀಲರನ್ನು ಒಂದು ಪ್ರಶ್ನೆ ಕೇಳಲೇಬೇಕು. ಪ್ರತಿ ವಾಯಿದೆಗೆ ಕೋರ್ಟಿನಲ್ಲಿ ನನ್ನ ಪರವಾಗಿ ಯಾರು ನಿಲ್ಲುತ್ತಾರೆ? ನೀವು ಸೀನಿಯರ್ ಮುಖ ನೋಡಿ ಫೀಸು ಕೊಡುತ್ತೀರಿ, ಬರುವವರು ಜೂನಿಯರ್. ಸುಮ್ಮನೆ ದಿನಾಂಕ ತೆಗೆದುಕೊಳ್ಳುವ ದಿನ ಜೂನಿಯರ್ ಬಂದರೆ ತೊಂದರೆ ಇಲ್ಲ. ಸಾಕ್ಷಿ ವಿಚಾರಣೆಗೂ ವಾದಕ್ಕೂ ಸೀನಿಯರ್ ಬರುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಮಾತಿಗೆ ಮುಂಚೆ 'ಆರು ತಿಂಗಳಲ್ಲಿ ಕೇಸು ಗೆಲ್ಲಿಸಿ ಕೊಡುತ್ತೇನೆ' ಅನ್ನುವವರಿಗೆ ವಕಾಲತ್ತು, ಅಂದರೆ ನನ್ನ ಪರವಾಗಿ ನೀವು ಕೇಸು ನಡೆಸಿ ಅನ್ನುವ ಪತ್ರ, ಕೊಡಬೇಡಿ. ತಮ್ಮ ಕೈಯಲ್ಲಿ ಇಲ್ಲದ್ದನ್ನು ಅವರು ಮಾರುತ್ತಿದ್ದಾರೆ. 'ಜಡ್ಜ್ ಕಡೆಗೆ ಸ್ವಲ್ಪ ಕೊಡಬೇಕಾಗುತ್ತದೆ' ಅಂದರಂತೂ ಅಲ್ಲಿಂದ ಎದ್ದು ಬನ್ನಿ. ಆ ಹಣ ಎಲ್ಲಿಗೂ ಹೋಗುವುದಿಲ್ಲ, ಅವರ ಜೇಬಿಗೇ ಹೋಗುತ್ತದೆ. ಕೊಟ್ಟ ನೀವೂ ಅಪರಾಧದಲ್ಲಿ ಸಿಕ್ಕಿಕೊಳ್ಳುತ್ತೀರಿ.

ಈಗ ಫೀಸು. ನಮ್ಮ ಜನ ಇಲ್ಲಿ ಬಹಳ ಸಂಕೋಚ ಪಡುತ್ತಾರೆ. ಡಾಕ್ಟರ ಹತ್ತಿರ, ವಕೀಲರ ಹತ್ತಿರ ಹಣದ ಮಾತು ಆಡಬಾರದು ಅನ್ನುವ ಮರ್ಯಾದೆ. 'ನೀವು ಹೇಳಿದಷ್ಟು ಕೊಡುತ್ತೇವೆ ಸರ್, ಕೆಲಸ ಆಗಲಿ' ಅಂದುಬಿಡುತ್ತಾರೆ. ಮೂರು ವಾಯಿದೆ ಆದ ಮೇಲೆ ಜಗಳ ಶುರು. ದಯವಿಟ್ಟು ಮೊದಲ ದಿನವೇ ಕೇಳಿ. ಒಟ್ಟು ಎಷ್ಟು? ಅದರಲ್ಲಿ ಏನೇನು ಸೇರಿದೆ? ಮುಖ್ಯ ಅರ್ಜಿಗೆ ಹೇಳಿದ ಫೀಸಿನಲ್ಲಿ ಮಧ್ಯಂತರ ಜೀವನಾಂಶದ ಅರ್ಜಿ ಸೇರಿದೆಯಾ? ಮಗುವನ್ನು ನೋಡಲು ಬಿಡಿ ಅನ್ನುವ ಅರ್ಜಿ ಹಾಕಿದರೆ ಅದಕ್ಕೆ ಬೇರೆನಾ? ಟೈಪಿಂಗ್, ಜೆರಾಕ್ಸ್, ಸಮನ್ಸ್ ಕಳಿಸುವ ಖರ್ಚು, ದೃಢೀಕೃತ ನಕಲಿನ ಖರ್ಚು ಯಾರದ್ದು? ಹೈಕೋರ್ಟಿಗೆ ಹೋದರೆ ಅದು ಹೊಸ ಫೀಸು, ಇದರಲ್ಲಿ ಅನುಮಾನ ಬೇಡ. ಕೋರ್ಟಿಗೆ ಕಟ್ಟುವ ಶುಲ್ಕ ಈ ಕೇಸುಗಳಲ್ಲಿ ಸಾಮಾನ್ಯವಾಗಿ ದೊಡ್ಡದಲ್ಲ. 'ಕೋರ್ಟ್ ಫೀಸ್ ಕಟ್ಟಬೇಕು' ಅಂತ ದೊಡ್ಡ ಮೊತ್ತ ಕೇಳಿದರೆ ಅದರ ರಸೀದಿ ತೋರಿಸಿ ಅನ್ನಿ. ವ್ಯಾಪಾರಕ್ಕೆ ಸಂಬಂಧವಿಲ್ಲದ ನಿಮ್ಮ ಸ್ವಂತ ಕೇಸಿಗೆ ವಕೀಲರ ಫೀಸಿನ ಮೇಲೆ ಜಿಎಸ್‌ಟಿ ಕೂಡ ಇಲ್ಲ.

ಹಂತ ಹಂತವಾಗಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಮನೆ ಕಟ್ಟಿಸುವಾಗ ಪಾಯ ಆದ ಮೇಲೆ ಇಷ್ಟು, ಲಿಂಟಲ್ ಆದ ಮೇಲೆ ಇಷ್ಟು, ಮೋಲ್ಡ್ ಆದ ಮೇಲೆ ಇಷ್ಟು ಅಂತ ಮೇಸ್ತ್ರಿಗೆ ಕೊಡುತ್ತೀರಲ್ಲ, ಹಾಗೆ. ಅರ್ಜಿ ದಾಖಲಾಗಿ ಕೇಸ್ ನಂಬರ್ ಬಂದಾಗ ಒಂದು ಭಾಗ. ಎದುರಿನವರ ಆಕ್ಷೇಪಣೆ ಬಂದು ಮಧ್ಯಂತರ ಅರ್ಜಿ ತೀರ್ಮಾನ ಆದಾಗ ಒಂದು ಭಾಗ. ಸಾಕ್ಷಿ ಮುಗಿದಾಗ ಒಂದು, ವಾದ ಮುಗಿದಾಗ ಉಳಿದದ್ದು. ಕೆಲವರು ಪ್ರತಿ ಹಾಜರಿಗೂ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಅದು ಕೇಳಲು ಸಣ್ಣದಾಗಿ ಕಾಣುತ್ತದೆ. ಆದರೆ ವಾಯಿದೆ ಮೇಲೆ ವಾಯಿದೆ ಬೀಳುವ ನಮ್ಮ ಕೋರ್ಟುಗಳಲ್ಲಿ ಕೇಸು ಎಳೆದಷ್ಟೂ ನಿಮ್ಮ ಖರ್ಚು ಏರುತ್ತದೆ. ಹಾಜರಿ ಲೆಕ್ಕಕ್ಕೆ ಒಪ್ಪುವುದಾದರೆ ಒಟ್ಟು ಇಷ್ಟಕ್ಕಿಂತ ಮೀರಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಅದಕ್ಕೆ ಒಪ್ಪದಿದ್ದರೆ ಕೊನೆಪಕ್ಷ ವಾಟ್ಸಾಪ್‌ನಲ್ಲಿ 'ಸರ್, ಇವತ್ತು ಮಾತಾಡಿದ ಫೀಸು ಹೀಗಿದೆ' ಅಂತ ಕಳಿಸಿ. ಹಣವನ್ನು ಬ್ಯಾಂಕಿನ ಮೂಲಕ ಕೊಡಿ. ನಗದು ಕೊಟ್ಟರೆ ರಸೀದಿ ಪಡೆಯಿರಿ. ಗುಮಾಸ್ತರ ಕೈಗೆ ಲೆಕ್ಕವಿಲ್ಲದೆ ಕೊಡಬೇಡಿ.

ಒಂದು ಒಪ್ಪಂದ ಮಾತ್ರ ಯಾವ ಕಾರಣಕ್ಕೂ ಬೇಡ. 'ಈಗ ಏನೂ ಕೊಡಬೇಡಿ, ಬರುವ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಕೊಡಿ' ಅನ್ನುವುದು. ಕೈಯಲ್ಲಿ ಕಾಸಿಲ್ಲದವರಿಗೆ ಇದು ದೇವರು ಕೊಟ್ಟ ಹಾಗೆ ಕೇಳಿಸುತ್ತದೆ. ಬೇರೆ ಕೆಲವು ದೇಶಗಳಲ್ಲಿ ಕೆಲವು ಬಗೆಯ ಕೇಸಿಗೆ ಇದು ನಡೆಯುತ್ತದೆ. ನಮ್ಮಲ್ಲಿ ವಕೀಲರ ಪರಿಷತ್ತಿನ 20ನೇ ನಿಯಮ ಇದನ್ನು ನೇರವಾಗಿ ನಿಷೇಧಿಸಿದೆ. ಕೇಸಿನ ಫಲದ ಮೇಲೆ ಫೀಸು ನಿಲ್ಲಬಾರದು, ಬಂದ ಹಣದಲ್ಲಿ ಪಾಲು ಇರಬಾರದು. ಇದರ ಹಿಂದಿನ ಕಾರಣ ಸಂಸಾರದ ಕೇಸಿನಲ್ಲಿ ಚೆನ್ನಾಗಿ ಕಾಣುತ್ತದೆ. ವಕೀಲರಿಗೆ ಪಾಲು ಇದ್ದರೆ ಅವರಿಗೆ ಒಂದೇ ಸಲ ಕೈಗೆ ಬರುವ ದೊಡ್ಡ ಮೊತ್ತ ಬೇಕು. ನಿಮಗೆ ತಿಂಗಳು ತಿಂಗಳು ಮಗುವಿನ ಸ್ಕೂಲ್ ಫೀಸ್ ಬಂದರೆ ಸಾಕಿತ್ತು. ಅಥವಾ ಹಣಕ್ಕಿಂತ ಮಗು ನಿಮ್ಮ ಹತ್ತಿರ ಇರುವುದೇ ಮುಖ್ಯ ಆಗಿತ್ತು. ಆಗ ನಿಮ್ಮ ವಕೀಲರ ಆಸೆಯೂ ನಿಮ್ಮ ಅಗತ್ಯವೂ ಎರಡು ದಿಕ್ಕಿಗೆ ಹೋಗುತ್ತವೆ.

ಖರ್ಚು ಬೆಟ್ಟವಾಗಲು ಇನ್ನೊಂದು ಕಾರಣ, ಕೇಸಿನ ಮೇಲೆ ಕೇಸು. ಡೈವೋರ್ಸ್ ಒಂದು, ಜೀವನಾಂಶ ಒಂದು, ಕೌಟುಂಬಿಕ ದೌರ್ಜನ್ಯ ಒಂದು, ಪೊಲೀಸ್ ಕೇಸು ಒಂದು, ಮಗುವಿನದು ಒಂದು. ಕೆಲವು ಮನೆಗಳಲ್ಲಿ ಇವೆಲ್ಲವೂ ನಿಜವಾಗಿ ಬೇಕಾಗುತ್ತವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 'ಎಲ್ಲ ಕಡೆಯಿಂದ ಹಾಕಿದರೆ ಬಗ್ಗುತ್ತಾನೆ' ಅನ್ನುವ ಲೆಕ್ಕದಿಂದ ಹಾಕುವ ಕೇಸಿಗೆ ನೀವು ಪ್ರತಿಯೊಂದಕ್ಕೂ ಬೇರೆ ಫೀಸು ಕೊಡುತ್ತೀರಿ, ಬೇರೆ ಬೇರೆ ದಿನ ರಜೆ ಹಾಕುತ್ತೀರಿ. ಎರಡು ಕಡೆ ಜೀವನಾಂಶ ಕೇಳಿದರೆ ಎರಡು ಪಟ್ಟು ಸಿಗುತ್ತದೆ ಅನ್ನುವುದೂ ತಪ್ಪು ತಿಳಿವಳಿಕೆ. 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಒಂದು ಕೋರ್ಟಿನಲ್ಲಿ ಆದ ಆದೇಶವನ್ನು ಇನ್ನೊಂದು ಕೋರ್ಟಿಗೆ ತಿಳಿಸಬೇಕು, ಅಲ್ಲಿ ಅದನ್ನು ಹೊಂದಿಸಿಕೊಳ್ಳುತ್ತಾರೆ. ಅದೇ ತೀರ್ಪಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಅದನ್ನು ತುಂಬಲು ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಮಕ್ಕಳ ಖರ್ಚಿನ ರಸೀದಿ ನೀವೇ ಜೋಡಿಸಿ ಕೊಡಿ. ವಕೀಲರ ಕಚೇರಿಯ ಕೆಲಸ ಅಷ್ಟು ಕಡಿಮೆ ಆಗುತ್ತದೆ. ಮಧ್ಯಂತರ ಆದೇಶವೂ ಬೇಗ ಬರಬಹುದು.

ವಕೀಲರ ಫೀಸನ್ನು ಎದುರಿನವರಿಂದಲೇ ಪಡೆಯಬಹುದಾ? ಪಡೆಯಬಹುದು. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಮಧ್ಯಂತರ ಜೀವನಾಂಶದ ಜೊತೆಗೆ ಕೇಸು ನಡೆಸುವ ಖರ್ಚನ್ನೂ ಕೇಳಬಹುದು. ಸ್ವಂತ ಆದಾಯ ಸಾಲದ ಗಂಡ ಕೂಡ ಹೆಂಡತಿಯಿಂದ ಕೇಳಬಹುದು, ಆ ಸೆಕ್ಷನ್ ಇಬ್ಬರಿಗೂ ಒಂದೇ. ನೋಟಿಸ್ ತಲುಪಿದ ದಿನದಿಂದ 60 ದಿನದಲ್ಲಿ ಆದಷ್ಟೂ ತೀರ್ಮಾನ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ನಿಜದಲ್ಲಿ ಜಾಸ್ತಿ ದಿನ ಹಿಡಿಯುತ್ತದೆ. ಆದ್ದರಿಂದಲೇ ಈ ಅರ್ಜಿಯನ್ನು ಮೊದಲ ಹಾಜರಿಯಲ್ಲೇ ಹಾಕಿಸಿ, ಆಮೇಲೆ ನೋಡೋಣ ಅಂತ ಬಿಡಬೇಡಿ. ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆದವರಿಗೂ 36ನೇ ಸೆಕ್ಷನ್ ಇದೆ. ಆದರೆ ಅದು ಹೆಂಡತಿಗೆ ಮಾತ್ರ.

ವಕಾಲತ್ತಿಗೆ ಸಹಿ ಹಾಕುವಾಗ ಓದಿ ಹಾಕಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿ ಅಂತ ಕೇಳಿ. ಖಾಲಿ ಹಾಳೆಗಳಿಗೆ 'ಆಮೇಲೆ ಬೇಕಾಗುತ್ತದೆ' ಅಂತ ಸಹಿ ಮಾಡಿಸಿಕೊಂಡರೆ ಒಪ್ಪಬೇಡಿ. ಬೇಕಾದಾಗ ಬಂದು ಹಾಕುತ್ತೇನೆ ಅನ್ನಿ. ಕೇಸ್ ದಾಖಲಾದ ಕೂಡಲೇ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಪಡೆದುಕೊಳ್ಳಿ. ಅದನ್ನು ಫೋನಿನಲ್ಲಿ ಹಾಕಿದರೆ ಮುಂದಿನ ದಿನಾಂಕ ನಿಮಗೇ ಕಾಣುತ್ತದೆ. ದಿನಾಂಕಕ್ಕಾಗಿ ಯಾರ ಬಾಗಿಲಲ್ಲೂ ಕಾಯಬೇಕಿಲ್ಲ.

ವಕೀಲರ ಜೊತೆ ಹೊಂದಿಕೆ ಆಗದಿದ್ದರೆ ಬದಲಾಯಿಸಬಹುದು. ಹೊಸ ವಕೀಲರು ಹಳೆಯವರಿಂದ ತಕರಾರಿಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ಕೇಳುತ್ತಾರೆ. ಅದು ವೃತ್ತಿಯ ಮರ್ಯಾದೆ, ನಿಯಮದಲ್ಲೂ ಇದೆ. ಹಳೆಯವರು ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. 'ಬಾಕಿ ಕೊಡುವ ತನಕ ಫೈಲ್ ಕೊಡುವುದಿಲ್ಲ' ಅನ್ನುವ ಮಾತಿಗೆ ಹೆದರಬೇಡಿ. ಫೀಸು ಬಾಕಿಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ತೀರ್ಪು ಕೊಟ್ಟಿದೆ. ಅವರ ಬಾಕಿ ನಿಜವಾಗಿದ್ದರೆ ಅದನ್ನು ಕೊಡುವುದೂ ನ್ಯಾಯ. ಅವರು ಮಾಡಿದ ಕೆಲಸಕ್ಕೆ ಬೆಲೆ ಇದೆ. ತೀರಾ ಅನ್ಯಾಯ ಆಗಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅದಕ್ಕೇ ಇರುವುದು. ಗ್ರಾಹಕರ ವೇದಿಕೆಗೆ ಹೋಗುವ ದಾರಿ ಮಾತ್ರ ಈಗ ಇಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ನಾನು ಬರಹ, ರಸೀದಿ ಅಂತ ಇಷ್ಟು ಹೊತ್ತು ಹೇಳಿದ್ದು. ಪರಿಷತ್ತಿನ ಮುಂದೆ ನಿಮ್ಮ ಕೈಯಲ್ಲಿ ಇರುವುದು ಅವೇ.

ಕೊನೆಯದಾಗಿ ಒಪ್ಪಿಗೆಯ ಡೈವೋರ್ಸ್ ಬಗ್ಗೆ. ಮಧ್ಯಸ್ಥಿಕೆಗೆ ಕಳಿಸಿದಾಗ ದಯವಿಟ್ಟು ಮನಸ್ಸಿಟ್ಟು ಹೋಗಿ. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ಇದೆ, ಜಿಲ್ಲೆಗಳಲ್ಲೂ ಇವೆ. ನ್ಯಾಯಾಲಯ ಕಳಿಸಿದ ಮಧ್ಯಸ್ಥಿಕೆಗೆ ನೀವು ಹಣ ಕೊಡಬೇಕಿಲ್ಲ. ಅಲ್ಲಿ ಒಪ್ಪಿಗೆ ಆದರೆ ಎಷ್ಟೋ ಸಲ ಖರ್ಚು ಉಳಿಯಲಿ ಅಂತ ಇಬ್ಬರಿಗೂ ಒಬ್ಬರೇ ವಕೀಲರು ಕಾಗದ ತಯಾರಿಸುತ್ತಾರೆ. ಆ ವಕೀಲರನ್ನು ಗೊತ್ತುಮಾಡಿದವರು, ಫೀಸು ಕೊಟ್ಟವರು ಹೆಚ್ಚಾಗಿ ಗಂಡನ ಮನೆಯವರು. ನಿಮ್ಮ ಚಿನ್ನ ವಾಪಸ್ ಬರುವ ದಿನ, ಹಣ ಎಷ್ಟು ಕಂತಿನಲ್ಲಿ, ಕೊನೆಯ ಕಂತು ಕೋರ್ಟಿನಲ್ಲಿ ಇಬ್ಬರೂ ಒಪ್ಪಿಗೆಯನ್ನು ಖಚಿತ ಮಾಡುವ ಎರಡನೇ ಹೇಳಿಕೆಗೆ ಮೊದಲೋ ಆಮೇಲೋ, ಬೇಸಿಗೆ ರಜೆಯಲ್ಲಿ ಮಗು ಎಲ್ಲಿರಬೇಕು, ನಿಮ್ಮ ಮೇಲಿನ ಬೇರೆ ಕೇಸುಗಳು ವಾಪಸ್ ಆಗುತ್ತವಾ, ಇದೆಲ್ಲ ಆ ಕಾಗದದಲ್ಲಿ ಇರಬೇಕು. ಒಪ್ಪಿಗೆಯಿಂದ ಆದ ಡಿಕ್ರಿಗೆ, ಅಂದರೆ ಕೋರ್ಟಿನ ಅಂತಿಮ ಆದೇಶಕ್ಕೆ, ಮೇಲ್ಮನವಿ ಇಲ್ಲ. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 19ನೇ ಸೆಕ್ಷನ್ ಹಾಗೆಂದು ಹೇಳುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಆ ಕಾಗದವನ್ನು ನಿಮ್ಮದೇ ಆದ ಬೇರೆ ವಕೀಲರಿಗೆ ಒಂದು ಸಲ ತೋರಿಸಿ. ಪೂರ್ತಿ ಕೇಸು ಕೊಡಬೇಕಿಲ್ಲ, ಒಂದು ಗಂಟೆ ಕೂತು ಓದಿದ್ದಕ್ಕೆ ಫೀಸು ಕೊಟ್ಟರೆ ಸಾಕು. ಅದಕ್ಕೂ ಹಣ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಓದಿಸಿ. ಅಲ್ಲಿ ಸಲಹೆಗೂ ಹಣ ಕೇಳುವುದಿಲ್ಲ.